ದೀಪದ ಅರ್ಜಿ

ಟಕ್, ಟಕ್, ಟಕ್. ಈ ಹಳೆಯ ಬೀದಿಯಲ್ಲಿ ಪೆನ್ನಿನ ತುದಿಯಿಂದ ಬಾಗಿಲು ತಟ್ಟುವವರು ಒಬ್ಬರೇ, ನಿವಾಸಿಗಳ ಸಂಘದ ಕಾರ್ಯದರ್ಶಿಗಳು. ಚರಂಡಿ ಕಟ್ಟಿಕೊಂಡರೂ ಸರಿ, ಬೀದಿಯ ತುದಿಯ ಇನ್ನೂರು ವರ್ಷದ ಕಮಾನಿನಲ್ಲಿ ಒಂದು ಕಲ್ಲು ಅಲುಗಿದರೂ ಸರಿ, ಅವರ ಕಂಕುಳಲ್ಲಿ ಅರ್ಜಿ ಸಿದ್ಧ. ಸುಮ್ಮನೆ ಸಹಿ ಗೀಚಿಕೊಟ್ಟರೆ ಒಪ್ಪುವ ಆಸಾಮಿಯಲ್ಲ. "ಓದದೆ ಸಹಿ ಹಾಕಬಾರದಮ್ಮಾ" ಎಂದು ಹೊಸ್ತಿಲಾಚೆ ನಿಂತು ಮೂರು ಪುಟವನ್ನೂ ತಾವೇ ಓದಿ ಹೇಳುತ್ತಾರೆ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಓದು ನಿಲ್ಲದು. ಸಂಘದ ಸಭೆಗೆ ಮಾತ್ರ ಯಾರೂ ಬರುವುದಿಲ್ಲ. ತಾವೇ ಹಾಕಿದ ಹದಿನೈದು ಕುರ್ಚಿಗಳನ್ನು ತಾವೇ ಎತ್ತಿಟ್ಟು ಬೀಗ ಹಾಕುತ್ತಾರೆ. ಇವತ್ತು ಕಮಾನಿಗೊಂದು ದೀಪ ಬೇಕೆಂಬ ಅರ್ಜಿಯನ್ನು ಪೂರ್ತಿ ಕೇಳಿಸಿಕೊಂಡ ದರ್ಜಿಯ ಹೆಂಡತಿ, ಸಹಿ ಹಾಕುತ್ತ ನಕ್ಕಳು. "ಆ ದೀಪ ಬಂದು ತಿಂಗಳಾಯ್ತಲ್ಲ ಕಾರ್ಯದರ್ಶಿಗಳೇ! ದಿನಾ ಸಂಜೆ ಅದರ ಕೆಳಗೇ ತಾನೇ ನೀವು ಒಬ್ಬರೇ ಕೂತಿರೋದು?" ಅವರು ಹಾಳೆಗಳನ್ನು ನಿಧಾನವಾಗಿ ಮಡಚಿದರು. "ಗೊತ್ತಮ್ಮಾ. ಆದ್ರೆ ಇನ್ನೂ ಹನ್ನೊಂದು ಮನೆ ಬಾಕಿ ಇದೆ." ಅವಳ ನಗು ನಿಂತಿತು. "ಒಳಗೆ ಬನ್ನಿ, ಸ್ವಲ್ಪ ಕೂತ್ಕೊಂಡು ಹೋಗಿ. ನಮ್ಮನೆಗೆ ಬರೋಕೆ ನಿಮಗೆ ಅರ್ಜಿ ಯಾಕೆ..." ಎಂದು ಅವಳಿನ್ನೂ ಹೇಳುತ್ತಿದ್ದಂತೆಯೇ, ಅವರು ಪೆನ್ನನ್ನು ಎತ್ತಿ ಹಿಡಿದುಕೊಂಡೇ ಮೆಟ್ಟಿಲಿಳಿದು ಪಕ್ಕದ ಮನೆಯತ್ತ ನಡೆದುಬಿಟ್ಟರು.