ಮೀನಿಗೆ ಉಪ್ಪು ಹಾಕದ ಮನೆ

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬೆಳಗಾವಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆಗೆ ಬಂದ ಮೇಲೂ ಕಲಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಕುಕ್ಕರು ಯಾಕೆ ಕೂಗುತ್ತದೆ, ಹಾಲು ಯಾಕೆ ಒಡೆಯುತ್ತದೆ, ಎಲ್ಲದಕ್ಕೂ ನನ್ನ ಹತ್ತಿರ ಪಾಠವಿತ್ತು. ಗಂಡ ಪೇಪರಿನ ಹಿಂದೆ ಅಡಗಿ ಕೂರುತ್ತಿದ್ದರು. ಅತ್ತೆ ಮಾತ್ರ ಪೂರ್ತಿ ಕೇಳಿ, "ಹೌದೇನು" ಅಂದು ಎದ್ದು ಹೋಗುತ್ತಿದ್ದರು.

ಆ ಮನೆಯ ಪಡಸಾಲೆಯಲ್ಲಿ ನನ್ನದೊಂದು ಗಾಜಿನ ತೊಟ್ಟಿ. ಒಂದಿಷ್ಟು ಗಪ್ಪಿ, ಎರಡು ಏಂಜಲ್, ತಳದಲ್ಲಿ ಮೀಸೆಯಿದ್ದ ಒಂದು ಪುಟ್ಟ ಮೀನು. ಒಂದು ಚಳಿಗಾಲ ಅವುಗಳ ಮೈಮೇಲೆಲ್ಲ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ಎರಡೇ ದಿನದಲ್ಲಿ ಮೂರು ಗಪ್ಪಿ ಸತ್ತವು. ನಾನು ಅಂಗಡಿಗೆ ಓಡಿದೆ.

ಮೀನು ಮಾರಿದ ಅಂಗಡಿಯ ಚಾಚಾ ಹೇಳಿದರು: "ಅದಕ್ಕೇನ್ರಿ ಬಾಯಾರ, ಹರಳುಪ್ಪು ಹಾಕ್ರಿ. ನಾಕ್ ದಿನದಾಗ ಸಾಫ್ ಆಗ್ತಾವು."

"ಇವು ಸಿಹಿನೀರಿನ ಮೀನ್ರಿ ಚಾಚಾ. ಆ ಮೀಸಿ ಮೀನಿಗಂತೂ ಮೈಮ್ಯಾಲ ಚಿಪ್ಪಿನಂಥಾ ಹುರುಪಿನೂ ಇಲ್ಲ, ಉಪ್ಪು ತಡಕೊಳ್ಳೂದಿಲ್ಲ. ತೊಟ್ಯಾಗಿನ ಗಿಡಾನೂ ಕೊಳೀತಾವು."

"ನಾ ಇಪ್ಪತ್ತು ವರ್ಷದಿಂದ ಹಾಕಾಕತ್ತೀನ್ರಿ."

"ಹಾಕಿದ್ರಿ, ಖರೇ. ಉಪ್ಪಿನಿಂದನ ಬದುಕಿದ್ವು ಅಂತ ಹೆಂಗ ಹೇಳ್ತೀರಿ?"

ಚಾಚಾ ನಕ್ಕು ಬೇರೆ ಗಿರಾಕಿಯ ಕಡೆ ತಿರುಗಿದರು. ಮನೆಯಲ್ಲಿ ಗಂಡ ಅವರ ಪಕ್ಷ. ನನ್ನ ಪಕ್ಷಕ್ಕೆ ಬಂದವರು ಅತ್ತೆ, ಆದರೆ ಅವರ ಕಾರಣವೇ ಬೇರೆ.

"ಮೀನಾ ಉಪ್ಪಾ ಕೂಡಿದ್ರ ಅದು ಅಡಿಗಿನ ಆತಲ್ಲ. ಲಿಂಗಾ ಕಟಗೊಂಡ ಮನ್ಯಾಗ ಆ ಸುದ್ದಿನ ಬ್ಯಾಡ."

ಒಂದು ಹರಳು ಉಪ್ಪಿಲ್ಲದೆ ಉಳಿಸಿ ತೋರಿಸುತ್ತೇನೆಂದು ಗಂಡನ ಮುಂದೆ ಪಣ ಕಟ್ಟಿದೆ. ತೊಟ್ಟಿಯ ಮೇಲೆ ಬಲ್ಬು ಇಳಿಬಿಟ್ಟು ನೀರು ಬೆಚ್ಚಗಿಟ್ಟೆ. ದಿನಾ ಬೆಳಿಗ್ಗೆ ಎರಡು ಕೊಡ ನೀರು ಬದಲಿಸಿ ಶಾಲೆಗೆ ಓಡಿದೆ. ಹತ್ತು ದಿನದಲ್ಲಿ ಚುಕ್ಕೆ ಮಾಯ. ಮೀಸೆಯ ಮೀನೂ ಉಳಿಯಿತು. ಗಿಡಗಳು ಮಾತ್ರ ಕೊಳೆತವು, ಆ ತಪ್ಪನ್ನು ಬಲ್ಬಿನ ಕಾವಿನ ಮೇಲೆ ಹಾಕಿದೆ. ಚಾಚಾರ ಅಂಗಡಿಗೆ ಹೋಗಿ ಗೆದ್ದ ಸುದ್ದಿ ಒಪ್ಪಿಸಿ ಬಂದೆ. ಮುಂದೆ ಎಷ್ಟೋ ವರ್ಷ ತರಗತಿಯಲ್ಲಿ ಇದನ್ನೇ ಉದಾಹರಣೆ ಕೊಟ್ಟೆ. ನನ್ನ ಜಂಬ ಸಣ್ಣದಾಗಿರಲಿಲ್ಲ.

ಆಮೇಲೊಮ್ಮೆ ಖಾನಾಪುರದ ಅಕ್ಕನ ಮನೆಗೆ, ತೊಟ್ಟಿಲು ಕಾರ್ಯಕ್ಕೆ, ಅತ್ತೆಯೂ ನಾನೂ ಹೋದೆವು. ಅಕ್ಕ ನನ್ನಿಂದಲೇ ಒಯ್ದಿದ್ದ ಗಪ್ಪಿಗಳಿಗೆ ಅದೇ ಚುಕ್ಕೆ. ಬಲ್ಬು, ನೀರು ಎಂದು ಅವಳಿಗೆ ಪಾಠ ಮುಗಿಸಿ ಹಿತ್ತಲಿಗೆ ಹೋದೆ. ಕೈತೊಳೆದು ಬರುವಾಗ ಅಡುಗೆಮನೆಯಲ್ಲಿ ಅತ್ತೆ ಅಕ್ಕನಿಗೆ ಮೆಲ್ಲಗೆ ಹೇಳುತ್ತಿದ್ದರು.

"ಆಕಿ ಹೇಳಿದಂಗ ಎಲ್ಲಾ ಮಾಡವಾ. ಅದರ ಜೋಡಿ ಒಂದೀಟು ಹರಳುಪ್ಪು ಕರಗಿಸಿ ಹಾಕು. ಆಕಿ ಸಾಲಿಗಿ ಹೋದಮ್ಯಾಲ, ಪೂಜಿ ಮುಗಿಸಿ, ತಪ್ಪಾತಪ್ಪಾ ಅಂತ ಕೈಮುಗದು ನಾ ದಿನಾ ಹಾಕ್ತಿದ್ನಿ."

ಬಾಗಿಲಲ್ಲೇ ನಿಂತೆ. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಉಪ್ಪು ಉಳಿಸಿತೋ ಬಲ್ಬು ಉಳಿಸಿತೋ, ಇನ್ನು ಯಾರಿಗೂ ಹೇಳಲು ಬರುವ ಹಾಗಿರಲಿಲ್ಲ.

ತಿರುಗಿ ಬರುವಾಗ ಬಸ್ಸು ಪೀರನವಾಡಿ ದಾಟಿ ಬೆಳಗಾವಿ ಹತ್ತಿರ ಬಂತು. ಕೊನೆಗೆ ಕೇಳಿಯೇಬಿಟ್ಟೆ: "ಇಷ್ಟ್ ವರ್ಷ ಯಾಕ ಹೇಳಲಿಲ್ರಿ ಅತ್ತಿ?"

ಅತ್ತೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಮೀನು ಸತ್ತಿದ್ರ ನೀ ಅಳತಿದ್ದಿ. ಹೇಳಿದ್ರ ನೀ ಸೋಲತಿದ್ದಿ. ನನಗ ಎರಡೂ ನೋಡಾಕ ಆಗ್ತಿದ್ದಿಲ್ಲ."