ಕುದುರೆಯ ಹೇನು, ಅವರ ಕಂಬಳಿ

ಗಂಡ ತೀರಿಕೊಂಡ ಆ ಚಳಿಗಾಲವನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಕುದುರೆಯ ಕುತ್ತಿಗೆ. ಅಲ್ಲಲ್ಲಿ ಕೂದಲುದುರಿ, ತೊಗಲು ಬೂದಿ ಬಣ್ಣಕ್ಕೆ ತಿರುಗಿದ್ದ ಕುತ್ತಿಗೆ.

ಅವರು ಗಂಗಾವತಿಯಲ್ಲಿ ಟಾಂಗಾ ಹೊಡೆಯುತ್ತಿದ್ದರು. ಆಟೋಗಳು ಹೆಚ್ಚಾದ ಮೇಲೆ ಟಾಂಗಾ ಹತ್ತುವ ಜನ ಕಡಿಮೆಯಾಗಿ, ಆನೆಗೊಂದಿಯಿಂದ ಬಾಳೆಗೊನೆ ಹೇರಿಕೊಂಡು ಬರುತ್ತಿದ್ದರು. ದೀಪಾವಳಿ ಕಳೆದ ಮೇಲೆ ಜ್ವರ ಬಂತು. ಎಂಥ ಜ್ವರವೆಂದು ತಿಳಿಯುವಷ್ಟರಲ್ಲಿ ಅವರು ಇರಲಿಲ್ಲ. ಉಳಿದದ್ದು ನಾನು, ಅತ್ತೆ, ಹಿತ್ತಲ ತಗಡಿನ ಶೆಡ್ಡಿನಲ್ಲಿ ಅವರ ಕಂದು ಕುದುರೆ.

ಸೂತಕದ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚುವುದಿಲ್ಲ, ಬಾಚುವುದಿಲ್ಲ. ಅತ್ತೆ ಆ ಕಟ್ಟನ್ನು ಕುದುರೆಗೂ ಹಾಕಿದರು. ನಾನು ಮೈ ಉಜ್ಜುವ ಬ್ರಷ್ ಹಿಡಿದು ಹೊರಟರೆ, "ಇಡು ಅದನ್ನ. ಕುದುರಿ ಏನು ಹೊರಗಿಂದೇನು? ಅದಕ್ಕೂ ಸೂತಕ ಐತಿ," ಎಂದರು. ದಿನದ ಊಟ ಮುಗಿದು ಸೂತಕ ಕಳೆದ ಮೇಲೂ ತಮ್ಮ ತಲೆ ಬಾಚಿಕೊಳ್ಳಲಿಲ್ಲ, ಕುದುರೆಯ ಬ್ರಷ್ಷನ್ನೂ ಮುಟ್ಟಗೊಡಲಿಲ್ಲ. ಚಳಿ ಜೋರಾದಾಗ ಮಗ ಹೊದೆಯುತ್ತಿದ್ದ ಕಂಬಳಿಯನ್ನೇ ತಂದು ಅದರ ಮೇಲೆ ಹೊದಿಸಿ ಹಗ್ಗ ಬಿಗಿದರು. ಬಿಸಿಲೇರಿದರೂ ತೆಗೆಯುತ್ತಿರಲಿಲ್ಲ.

ಕುದುರೆ ಕಂಬಕ್ಕೆ ಕುತ್ತಿಗೆ ತಿಕ್ಕತೊಡಗಿತು. ಕಾಲು ಬಡಿಯಿತು, ತನ್ನ ಮೈ ತಾನೇ ಕಚ್ಚಿಕೊಂಡಿತು, ಹುರುಳಿಯನ್ನು ಅರ್ಧಕ್ಕೇ ಬಿಟ್ಟಿತು. ಪಕ್ಕೆಲುಬು ಕಾಣತೊಡಗಿದವು.

"ಅವನ್ನ ಹುಡುಕಾಕತ್ತೈತಿ," ಎಂದು ಅತ್ತೆ ಅದರೆದುರು ಕೂತು ಅಳುತ್ತಿದ್ದರು. "ಇದೂ ಅವನ ಹಿಂದ ಹೊಂಟೈತಿ ನೋಡು."

ನನಗೂ ಹಾಗೇ ಅನ್ನಿಸಿತ್ತು. ಗಂಡನ ಕೆಮ್ಮು ಕೇಳಿದರೆ ಸಾಕು, ಕಿವಿ ನಿಮಿರಿಸುತ್ತಿದ್ದ ಜೀವ ಅದು. ಅದನ್ನೂ ಕಳೆದುಕೊಳ್ಳುವ ಶಕ್ತಿ ನನ್ನಲ್ಲಿ ಇರಲಿಲ್ಲ. ಒಂದು ಬೆಳಿಗ್ಗೆ ಕಂಬಳಿ ಸಮೇತ ಅದನ್ನು ಕಂಬದಿಂದ ಬಿಚ್ಚಿ ದನದ ದವಾಖಾನೆಗೆ ನಡೆಸಿಕೊಂಡು ಹೊರಟೆ. ಅತ್ತೆ ಬೇಡವೆನ್ನುತ್ತಲೇ ಹಿಂದೆ ಬಂದರು.

ದಾರಿಯಲ್ಲಿ ಪಾನ್ ಅಂಗಡಿಯವನು ಕೂಗಿದ. "ಏನ್ ಆಯಿ, ಕುದುರಿಗೆ ಶಾಲು ಹೊದಿಸಿ ಯಾರ ಮದಿವಿಗೆ ಹೊಂಟೀರಿ?"

"ನಿಂದಕ್ಕ ಹೊಂಟೀವಿ. ನಲವತ್ತಾತು, ಹೆಣ್ಣು ಸಿಕ್ಕತೋ ಇಲ್ಲೋ?"

ಮಗ ಹೋದ ಮೇಲೆ ಅತ್ತೆಯ ಬಾಯಿಂದ ಹಳೆಯ ಧಾಟಿಯ ಮಾತು ಬಂದದ್ದು ಅದೇ ಮೊದಲು.

ದವಾಖಾನೆಯ ಡಾಕ್ಟರು ಕಂಬಳಿ ಎತ್ತಿ, ಕುತ್ತಿಗೆಯ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದರು. "ಯಾರು ಹೊದಿಸ್ಯಾರ್ರಿ ಇದನ್ನ?"

"ನಾನ ಹೊದಿಸೇನ್ರಿ," ಎಂದರು ಅತ್ತೆ.

"ಭಾಳ ಛಲೋ ಮಾಡೀರಿ ಆಯಿ. ಹೇನಿನ ಸಂಸಾರಕ್ಕ ಬೆಚ್ಚನ ಮನಿ ಕಟ್ಟಿ ಕೊಟ್ಟೀರಿ."

"ಹೇನ?"

"ಹ್ಞೂಂ, ಹೇನ. ಥಂಡಿಯಾಗ ಕೂದಲ ದಟ್ಟ ಬೆಳಿತಾವ. ಮೈ ಉಜ್ಜದ ಬಿಟ್ರ ಹಿಂಗ ತುಂಬಿಕೊಳ್ತಾವ."

"ತೀರಿಕೊಂಡ ಮಗನ ಚಿಂತಿ ಅಲ್ರೀ?"

ಡಾಕ್ಟರು ನಗು ನಿಲ್ಲಿಸಿದರು. "ಚಿಂತಿನೂ ಇದ್ದೀತ್ರಿ ಆಯಿ. ಅದಕ್ಕ ನನ್ನ ಹತ್ರ ಔಷಧ ಇಲ್ಲ. ಹೇನಿಗೈತಿ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅವರ ಜ್ವರಕ್ಕೆ ಹೆಸರೇ ಸಿಕ್ಕಿರಲಿಲ್ಲ. ಇದಕ್ಕೆ ಸಿಕ್ಕಿತ್ತು, ಮನೆಮನೆಯ ಹುಡುಗಿಯರ ತಲೆಯಲ್ಲಿರುವ ಹೆಸರು. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯ ತನಕ ಹೋಯಿತು.

"ಈ ಥಂಡಿಯಾಗ ಮೈ ತೊಳಿಬ್ಯಾಡ್ರಿ, ಎದಿ ಹಿಡಿದೀತು," ಎಂದು ಡಾಕ್ಟರು ಪುಡಿಯ ಡಬ್ಬಿ ಕೊಟ್ಟರು. "ಬಿಸಿಲಾಗ ನಿಲ್ಲಿಸಿ ಇದನ್ನ ಹಚ್ಚರಿ. ಸೀರು ಇದಕ್ಕ ಸಾಯಂಗಿಲ್ಲ, ಅವು ಮರಿ ಆದ ಮ್ಯಾಲ, ಎರಡು ವಾರಕ್ಕ, ಮತ್ತೊಮ್ಮೆ ಹಚ್ಚಬೇಕು. ಕಂಬಳಿ ಕುದಿಸ್ರಿ."

ಕಂಬಳಿ ಎಂದೊಡನೆ ಅತ್ತೆ ಅದರ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಅದರಲ್ಲಿ ಇನ್ನೂ ಗಂಡನ ಬೀಡಿಯ ವಾಸನೆ ಇತ್ತು.

ಮಧ್ಯಾಹ್ನ ಗಾಳಿ ನಿಂತಾಗ ಕುದುರೆಯನ್ನು ಹಿತ್ತಲ ಗೋಡೆಯ ಮಗ್ಗುಲಿಗೆ ಕಟ್ಟಿದೆ. ಗಂಟುಗಟ್ಟಿದ ಕೂದಲನ್ನು ಕತ್ತರಿಸಿ, ಮೈಯೆಲ್ಲ ಉಜ್ಜಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅದರ ಕಣ್ಣಿಗೆ ಬೀಳದಂತೆ ಪುಡಿ ಹಚ್ಚಿದೆ. ಶೆಡ್ಡಿನ ಹಳೆಯ ಭತ್ತದ ಹುಲ್ಲನ್ನೆಲ್ಲ ಹೊರಗೆಳೆದು ಸುಟ್ಟೆ. ಅತ್ತೆ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದರು. ಕೊಡಿ ಎಂದು ನಾನು ಕೇಳಲಿಲ್ಲ. ಹಂಡೆಯ ನೀರು ಕುದಿಯತೊಡಗಿದಾಗ ತಾವೇ ಎದ್ದು ಬಂದರು. ಕಂಬಳಿಯನ್ನು ಒಮ್ಮೆ ಮೂಗಿಗೆ ಹಿಡಿದು, ನೀರಿಗೆ ಹಾಕಿ, ಕೋಲಿನಿಂದ ಅದುಮಿದರು.

"ಕುದುರಿ ಸಲುವಾಗಿ ಅಂದ್ರ ಅವ ಉಟ್ಟ ಬಟ್ಟಿನೂ ಬಿಚ್ಚಿ ಹಾಕ್ತಿದ್ದ," ಎಂದರು.

ಒಣಗಿದಾಗ ಕಂಬಳಿ ಕುಗ್ಗಿ ಕುದುರೆಯ ಬೆನ್ನಿಗೆ ಸಾಲದಂತಾಗಿತ್ತು. ಅತ್ತೆ ತಾವೇ ಹೊದ್ದುಕೊಂಡರು. ಕುದುರೆಗೆ ರಾತ್ರಿ ಮಾತ್ರ ಗೋಣಿಚೀಲ ಹೊಲಿದ ಹೊದಿಕೆ ಹಾಕಿದೆವು, ಬೆಳಿಗ್ಗೆ ಬಿಚ್ಚಿ ಒಣಹಾಕಿದೆವು.

ಎರಡನೆಯ ಸಲ ಪುಡಿ ಹಚ್ಚಿ ಕೆಲವು ದಿನವಾದ ಮೇಲೆ ಬ್ರಷ್ಷಿನಲ್ಲಿ ಹರಿದಾಡುವುದು ಏನೂ ಸಿಗಲಿಲ್ಲ. ಬೋಳಾದಲ್ಲೆಲ್ಲ ಇಲಿಮರಿಯ ಮೈಯಂತೆ ಸಣ್ಣ ಕೂದಲು ಬಂದಿತ್ತು. ಕುದುರೆ ಹುರುಳಿ ತಿಂದು ಮುಗಿಸಿ, ಖಾಲಿ ಬಕೆಟ್ಟನ್ನು ಮೂತಿಯಿಂದ ಅಂಗಳದ ತುಂಬ ದೂಡಿತು. ನಾನು ಬ್ರಷ್ ತೊಳೆಯುತ್ತಿದ್ದಾಗ ಅತ್ತೆ ಎಣ್ಣೆ ಬಟ್ಟಲು, ಬಾಚಣಿಗೆ ತಂದು ನನಗೆ ಬೆನ್ನು ಮಾಡಿ ಬಿಸಿಲಲ್ಲಿ ಕೂತರು.

"ಅದರದು ಮುಗೀತಿಲ್ಲೋ? ನನ್ನ ತಲಿನೂ ಒಂದೀಟು ನೋಡು."

ತುರುಬು ಬಿಚ್ಚಿದೆ.

"ಅದಾವೇನ?"

"ಅದಾವ್ರಿ ಅತ್ತಿ."

"ಆ ಡಬ್ಬಿ ತರಬ್ಯಾಡ ಮತ್ತ. ಬಾಚು ಸಾಕು."

ನಗು ತಡೆಯಲಾಗದೆ ನನ್ನ ಕೈ ಅಲುಗಿ, ಎಣ್ಣೆ ಅತ್ತೆ ಹೊದ್ದಿದ್ದ ಅವರ ಕಂಬಳಿಯ ಮೇಲೆ ಚೆಲ್ಲಿತು. ಅತ್ತೆ ಬೈದರು. ಕುದುರೆ ಕಿವಿ ನಿಮಿರಿಸಿ ನಮ್ಮ ಕಡೆ ನೋಡಿತು.