ಬದುಕಿದ್ದ ಅಕ್ಕನಿಗೆ ಎಡೆ ಇಟ್ಟ ಸೀರೆ

ಸಾವಿರದ ಒಂಬೈನೂರ ಎಂಬತ್ನಾಲ್ಕನೇ ಇಸವಿಯ, ತಮಿಳರ ತೈ ತಿಂಗಳ ಅಮಾವಾಸ್ಯೆ. ಆ ದಿನವನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಬಿ.ಪಿ. ಏರುತ್ತದೆ. ಕೋಪ ಮಾಡಿಕೊಳ್ಳಬೇಡಿ ಎನ್ನುತ್ತಾರೆ ಡಾಕ್ಟರು. ಮಾಡಿಕೊಳ್ಳದೆ ಹೇಗಿರಲಿ?

ನಮ್ಮದು ತಮಿಳುನಾಡಿನ ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ತಲೆಮಾರುಗಳಿಂದ ನೆಲೆನಿಂತ ಕನ್ನಡದ ನೇಕಾರ ಮನೆತನ. ಮನೆಗೆ ತಾಗಿದ ಶೆಡ್ಡಿನಲ್ಲಿ ಪವರ್‌ಲೂಮುಗಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ದೊಡ್ಡಪ್ಪ ಹೇಳಿದ್ದೇ ಮಾತು. ನಾನು ಕೊಯಮತ್ತೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಇಂಗ್ಲಿಷ್ ಟೀಚರಾಗಿದ್ದೆ. ನಮ್ಮ ಕಾನ್ವೆಂಟಿನ ಜರ್ಮನ್ ಸಿಸ್ಟರೊಬ್ಬರನ್ನು ನೋಡಲು ಅವರ ಕಸಿನ್ ಮಿಸ್ಟರ್ ಯೋಹಾನ್ ಆ ವರ್ಷ ಬಂದಿದ್ದರು. ತಮ್ಮ ಪುಟ್ಟ ಊರಿನ ಶಾಲೆಯಲ್ಲಿ ಹುಡುಗರಿಗೆ ಫಿಲಾಸಫಿ ಕಲಿಸಿ ರಿಟೈರಾದವರು. ಮದುವೆಯಾಗಿರಲಿಲ್ಲ. ರಜೆ ಬಂದರೆ ಸಾಕು, ಸೈಕಲ್ ಹತ್ತಿ ಹಳ್ಳಿಹಳ್ಳಿಯ ಚರ್ಚುಗಳಿಗೆ ಹೋಗಿ, ಅಲ್ಲಿನ ಹುಟ್ಟು-ಸಾವಿನ ದಾಖಲೆಗಳಲ್ಲಿ ಯಾರ್ಯಾರದೋ ವಂಶಾವಳಿ ಹುಡುಕುವುದು ಅವರ ಹುಚ್ಚು. ಪೂರ್ವಜರ ಹೆಸರನ್ನು ಬಾಯಲ್ಲೇ ಹೇಳಬಲ್ಲ ಮನೆತನಗಳು ನಮ್ಮಲ್ಲಿವೆ ಎಂದು ನಾನು ಹೇಳಿದ್ದೇ ತಡ, ‘ಪ್ಲೀಸ್, ಕರೆದುಕೊಂಡು ಹೋಗಿ’ ಎಂದರು.

ದೊಡ್ಡಪ್ಪನಿಗೆ ಹಿಗ್ಗೋ ಹಿಗ್ಗು. ‘ಬೆಳ್ಳಗಿನ ದೊರೆ ನಮ್ ವಂಶ ಬರೀತಾನಾ? ಫ್ರೇಮ್ ಹಾಕ್ಸಿ ಹಾಲ್ ಗೋಡೆಗೆ ಮಾಟ್ಟಣಂ ಅಮ್ಮಣಿ, ತಗುಲಾಕ್ಬೇಕು, ನೆಂಟ್ರೆಲ್ಲ ಬಂದು ನೋಡ್ಲಿ’ ಎಂದು ತಮಿಳು ಬೆರೆಸಿ ಸಂಭ್ರಮಪಟ್ಟರು.

ತೈ ಅಮಾವಾಸ್ಯೆ ಹಿರಿಯರ ದಿನ. ಮನೆಯಲ್ಲಿ ತೀರಿಕೊಂಡ ಪ್ರತಿ ಹೆಣ್ಣಿಗೂ ಒಂದೊಂದು ಹೊಸ ಸೀರೆ ಇಟ್ಟು ಎಡೆ ಹಾಕುವುದು ನಮ್ಮ ಪದ್ಧತಿ. ಪೂಜೆಯಾದ ಮೇಲೆ ಆ ಸೀರೆಗಳನ್ನು ದೊಡ್ಡಪ್ಪನ ಸೊಸೆಯರು, ಮನೆಯ ಉಳಿದ ಹೆಂಗಸರು ಉಡುತ್ತಾರೆ. ಇಷ್ಟೇ ಆಗಿದ್ದರೆ ನಾನೇಕೆ ಕುದಿಯುತ್ತಿದ್ದೆ? ನನ್ನ ಒಡಹುಟ್ಟಿದ ಅಕ್ಕ ಸರಸ, ಲೂಮ್ ರಿಪೇರಿ ಮಾಡುವ ಬೇರೆ ಜಾತಿಯ ಫಿಟ್ಟರನ್ನು ಮದುವೆಯಾಗಿದ್ದಳು. ಪಕ್ಕದ ಕರುಮತ್ತಂಪಟ್ಟಿಯಲ್ಲಿ ಗಂಡ, ಮಕ್ಕಳೊಂದಿಗೆ ಸುಖವಾಗಿದ್ದಳು. ಆದರೆ ಮದುವೆಯ ಮರುವರ್ಷದಿಂದಲೇ ದೊಡ್ಡಪ್ಪ ಅವಳಿಗೂ ಸೀರೆ ಇಡಿಸತೊಡಗಿದರು. ಇಡಬೇಕಾದವಳು ಯಾರು ಗೊತ್ತೆ? ನನ್ನ ಅಮ್ಮ. ಹೆತ್ತ ಕೈಯಿಂದಲೇ, ಬದುಕಿರುವ ಮಗಳಿಗೆ!

ಅಂದು ಮನೆಯ ಹಾಲ್‌ನಲ್ಲಿ ಮಣೆಯ ಮೇಲೆ ಸೀರೆಗಳಿದ್ದವು. ಯಾವುದು ಯಾರದೆಂದು ಯೋಹಾನ್ ಕೇಳುತ್ತ ಬಂದರು. ದೊಡ್ಡಪ್ಪ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಕೊನೆಯದು ಹಸಿರು ಸೀರೆ.

‘ಅದು ಸರಸಂದು. ನನ್ ತಮ್ಮನ ಮಗಳು. ಸತ್ತೋದ್ಳು’ ಎಂದರು ದೊಡ್ಡಪ್ಪ.

‘ಯಾವ ವರ್ಷ?’ ಎಂದರು ಯೋಹಾನ್.

‘ಏನೋ ಒಂದು ವರ್ಷ ಬರ್ಕೊಳಕ್ಕೆ ಹೇಳು ಅಮ್ಮಣಿ.’

ಬಾಗಿಲ ಬಳಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನಗೆ ತಲೆ ಸಿಡಿದಂತಾಯಿತು. ‘ಶೀ ಈಸ್ ನಾಟ್ ಡೆಡ್, ಸರ್. ಪಕ್ಕದೂರಲ್ಲಿದ್ದಾಳೆ’ ಎಂದುಬಿಟ್ಟೆ.

ಯೋಹಾನ್ ಪೆನ್ನಿಗೆ ಕ್ಯಾಪ್ ಹಾಕಿದರು. ಜರ್ಮನಿಯಲ್ಲಿ ನಾಜಿಗಳ ಆಳ್ವಿಕೆಯಿದ್ದ, ತಾವು ಚಿಕ್ಕವರಿದ್ದಾಗಿನ ಮಾತು ಹೇಳಿದರು. ಶಾಲೆಯಲ್ಲಿ ಎಲ್ಲರೂ ಅಜ್ಜ ಅಜ್ಜಿಯರ ಹೆಸರು ಬರೆದು ತರಬೇಕೆಂದು ಹುಕುಂ ಆಗಿತ್ತಂತೆ. ಅಜ್ಜ ಅಜ್ಜಿಯರು ಯಹೂದಿಗಳೆಂಬ ಕಾರಣಕ್ಕೆ ಇವರ ಬೆಂಚಿನ ಗೆಳೆಯನನ್ನು ಹೊರಗೆ ಹಾಕಿದರಂತೆ. ಆಮೇಲೆ ಅವನೂ ಇಲ್ಲ, ಅವನ ಮನೆಯವರೂ ಇಲ್ಲ. ‘ವಂಶಾವಳಿಯಿಂದ ಏನು ಮಾಡಬಹುದೆಂದು ಅಂದೇ ನೋಡಿದೆ. ನಾನು ಬರೆಯುವುದು ಯಾರನ್ನೂ ಬಿಡದಿರುವುದಕ್ಕೆ. ಬದುಕಿರುವವಳಿಗೆ ಸಾವಿನ ವರ್ಷ ಬರೆಯಲಾರೆ’ ಎಂದರು. ಒಂದೊಂದು ಮಾತನ್ನೂ ದೊಡ್ಡಪ್ಪನಿಗೆ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ.

‘ಅವನೂರ ಕತೆ ನಮಗ್ಯಾತಕ್ಕೆ? ಜಾತಿ ಬಿಟ್ಟೋದವಳು ಸತ್ತಂಗೇ. ಅವಳ ಹೆಸರಿರೋ ಪೇಪರ್ ನಮ್ಮನೆಗೆ ವೇಂಡ, ಬೇಡ!’

‘ಸತ್ತಂಗೆ ಅಂತೀರಲ್ಲ ದೊಡ್ಡಪ್ಪಾ, ಹೋದ ಭಾನುವಾರ ನಂಗೆ ಕಾಪಿ ಹಾಕಿಕೊಟ್ಟಿದ್ದು ಯಾರು, ದೆವ್ವವಾ?’

ದೊಡ್ಡಪ್ಪ ಕೈಯೆತ್ತಿಕೊಂಡು ಬಂದರು. ಅಷ್ಟರಲ್ಲಿ ಅಮ್ಮ ನಡುವೆ ಬಂದಳು. ಮಣೆಯ ಮೇಲಿನ ಹಸಿರು ಸೀರೆ ತೆಗೆದು ನನ್ನ ಕೈಗಿಟ್ಟಳು. ‘ಹೋಗು, ಅವಳಿಗೇ ಕೊಟ್ಟು ಬಾ. ಇನ್ನೊಂದು ವರ್ಷ ನನ್ ಕೈಲಿ ಇಡಕ್ಕಾಗಲ್ಲ’ ಎಂದಳು. ಅವಳು ದೊಡ್ಡಪ್ಪನ ಎದುರು ಬಾಯಿ ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು.

ಯೋಹಾನರನ್ನು ಕರೆದುಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ನಾನು ಹಲ್ಲು ಕಡಿಯುತ್ತಿದ್ದೆ. ಅವರು ಶಾಂತವಾಗಿ ಕಿಟಕಿಯಾಚೆ ನೋಡುತ್ತಿದ್ದರು. ಆ ಶಾಂತಿಯ ಮೇಲೂ ನನಗೆ ಸಿಟ್ಟು ಬಂತು.

ವಿಷಯ ಕೇಳಿ ಅಕ್ಕ ಮೊದಲು ನಕ್ಕಳು. ‘ಏನೇ, ವರ್ಷಾವರ್ಷ ನಂಗೂ ಸೀರೆ ಇಡ್ತಿದ್ರಾ? ಚೆನ್ನಾಗದೆ! ಸತ್ತವಳು ನಾನು, ಉಟ್ಕೊಂಡೋರು ಅತ್ತಿಗೆಯೋರು!’ ಎಂದಳು. ಆಮೇಲೆ ಸೀರೆಯಲ್ಲಿ ಮುಖ ಮುಚ್ಚಿ ಅತ್ತಳು. ಒಳಗೆ ಹೋಗಿ ಅದನ್ನೇ ಉಟ್ಟು ಬಂದಳು. ‘ನಡಿಯೇ, ಎಡೆ ಊಟ ಮಿಕ್ಕಿದ್ಯಾ ನೋಡಣ.’

ಹಸಿರು ಸೀರೆ ಉಟ್ಟ ಅಕ್ಕ ನಮ್ಮ ಮನೆಯ ಜಗಲಿ ಹತ್ತಿದಾಗ ದೊಡ್ಡಪ್ಪ ಶೆಡ್ಡಿಗೆ ಹೋಗಿ, ಅಮಾವಾಸ್ಯೆಗೆಂದು ನಿಲ್ಲಿಸಿದ್ದ ಲೂಮುಗಳನ್ನೆಲ್ಲ ಓಡಿಸಿದರು. ಅಮಾವಾಸ್ಯೆ ದಿನ ನಮ್ಮಲ್ಲಿ ಯಾರೂ ಲೂಮ್ ಮುಟ್ಟುವುದಿಲ್ಲ. ಅವಳ ದನಿ ಕೇಳಬಾರದೆಂದು ಅದನ್ನೂ ಮುರಿದರು! ಆ ಗದ್ದಲದಲ್ಲೇ ಅಮ್ಮ ಜಗಲಿಯಲ್ಲಿ ಎಲೆ ಹಾಕಿ ಮಗಳಿಗೆ ಬಡಿಸಿದಳು. ಯೋಹಾನ್ ಅಲ್ಲೇ ಕೂತು ಅಕ್ಕನ ಹೆಸರು, ಅವಳ ಗಂಡನ ಹೆಸರು, ಮಕ್ಕಳ ಹೆಸರು ಬರೆದರು.

ಆ ವಂಶಾವಳಿ ಇಂದು ನನ್ನ ಮನೆಯ ಗೋಡೆಯ ಮೇಲಿದೆ. ಯೋಹಾನ್ ತೀರಿಕೊಂಡ ಸುದ್ದಿಯನ್ನು ಸಿಸ್ಟರ್ ತಿಳಿಸಿದ ದಿನ ಅದರ ಮುಂದೆ ನಿಂತು ಅತ್ತೆ. ದೊಡ್ಡಪ್ಪನೂ ಹೋದರು. ಅವರಿಗಾಗಿ ನನಗೆ ಅಳು ಬರಲಿಲ್ಲ. ಅಮ್ಮನ ಅಷ್ಟು ವರ್ಷಗಳ ಕಣ್ಣೀರು ಕಾಣದ ಮನೆಗೆ, ಎಲ್ಲಿಂದಲೋ ಬಂದ ಮೇಷ್ಟ್ರು ‘ಯಾವ ವರ್ಷ’ ಎಂದು ಕೇಳಬೇಕಾಯಿತಲ್ಲ! ಆ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡಳು. ತೈ ಹತ್ತಿರ ಬಂದಾಗ ದೊಡ್ಡಪ್ಪನ ಮೊಮ್ಮಗ ಫೋನ್ ಮಾಡಿ ಮೆತ್ತಗೆ ಕೇಳಿದ: ‘ಅತ್ತೇ, ಈ ಸಲ ಸರಸತ್ತೆಗೂ ಸೀರೆ ಇಡಣ್ವಾ?’

‘ಬೇಡಪ್ಪ. ಅವಳ ಸೀರೆ ಅವಳೇ ಉಟ್ಟಾಯಿತು’ ಎಂದು ಫೋನ್ ಇಟ್ಟೆ.